ಹಗುರ ಕಾರಿನ ಭಾರ

ಭಾನುವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಆರಿನ್ ಥರ್ಲೋ ಅಮೆರಿಕದ ವರ್ಮಾಂಟಿನ ಹಿಮ ಮುಚ್ಚಿದ ಏರುದಾರಿಯಲ್ಲಿ ನಿಂತು, ತನ್ನ ಪುಟ್ಟ ಕೆಂಪು ಸ್ಪೋರ್ಟ್ಸ್ ಕಾರಿನ ಹಿಂದಿನ ಚಕ್ರಗಳು ತೋಡಿದ ಗುಂಡಿಯನ್ನು ನೋಡುತ್ತಿದ್ದ. ಒಂಬತ್ತಕ್ಕೆ ಗುಡ್ಡದ ಮೇಲಿನ ಚರ್ಚಿನಲ್ಲಿ ಹೆಂಡತಿ ಮೇವಿಸ್ ಹಾಡಬೇಕಿತ್ತು. ಕಾರು ಹಗುರಾದಷ್ಟೂ ಓಟ ಚೆನ್ನ ಎಂದು ನಂಬಿದ್ದ ಆತ ಬೇಸಿಗೆಯಿಡೀ ಕೂತು ರೇಡಿಯೊ, ಸ್ಟೆಪ್ನಿ, ಹೀಟರ್ ಎಲ್ಲವನ್ನೂ ಬಿಚ್ಚಿ ಹಾಕಿದ್ದ. ಮೇವಿಸ್ ಎರಡು ಕಂಬಳಿ ಹೊದ್ದು ಒಳಗೆ ನಡುಗುತ್ತಿದ್ದಳು.

ಹಿಂದೆಯೇ ಟ್ರಕ್ಕಿನಲ್ಲಿ ಬಂದ ನೆರೆಮನೆಯ ಡ್ವೈಟ್ ಕಿಟಕಿ ಇಳಿಸಿದ.

"ಏನಪ್ಪಾ ಆರಿನ್, ಗಾಳಿಗೆ ಹಾರಿಹೋಗತ್ತೆ ಅಂತ ನಿಲ್ಲಿಸಿದ್ಯಾ? ಹಿಂದೆ ಭಾರ ಇಲ್ದೆ ಹಿಮದಲ್ಲಿ ಚಕ್ರ ಹಿಡಿಯುತ್ತೇನೋ? ಎಲ್ಲರ ಹಾಗೆ ಡಿಕ್ಕಿಗೆ ಮರಳಿನ ಚೀಲ ಹಾಕ್ಕೋ."

"ನನ್ನ ಕಾರಿಗೆ ಮರಳಾ?"

"ಹಾಕ್ಕೊಳ್ಳೋ ಮಾರಾಯ," ಎಂದಳು ಮೇವಿಸ್. "ಇಲ್ದಿದ್ರೆ ನಾನು ಅವನ ಟ್ರಕ್ಕಲ್ಲೇ ಹೋಗ್ತೀನಿ. ಬೆಚ್ಚಗಾದ್ರೂ ಇರತ್ತೆ."

ಡ್ವೈಟನ ಟ್ರಕ್ಕಿನಿಂದ ತಲಾ ಅರವತ್ತು ಪೌಂಡಿನ ಮೂರು ಮರಳಿನ ಚೀಲಗಳು ಡಿಕ್ಕಿ ಸೇರಿದವು. ಕಾರು ಎಮ್ಮೆಯ ಗಾಂಭೀರ್ಯದಿಂದ ಗುಡ್ಡ ಹತ್ತಿತು. ಮೇವಿಸ್ ಹೊತ್ತಿಗೆ ಸರಿಯಾಗಿ ಹಾಡಿದಳು. ಆಮೇಲೆ, ಬೇಸಿಗೆಯಲ್ಲಿ ಒಟ್ಟು ಎಷ್ಟು ಭಾರ ಇಳಿಸಿದ್ದೆ ಎಂದು ಡ್ವೈಟ್ ಕೇಳಿದಾಗ ಆರಿನ್ ಕಿವಿ ಕೇಳದವನಂತೆ ಕೂತ. ಅಕ್ಟೋಬರಿನಲ್ಲಿ ಚರ್ಚಿನ ಊಟದ ದಿನ ಅದನ್ನೇ ಅವನು ಎದ್ದು ನಿಂತು ಊರಿಗೆಲ್ಲ ಸಾರಿದ್ದ: "ಸರಿಯಾಗಿ ನೂರಾ ಎಂಬತ್ತು ಪೌಂಡ್!"