ಸುಜಾತಳ ಕೈಗುಣ

ಸುಜಾತಾ, ಕೆಟ್ಟಿದ್ದದ್ದು ನಿನ್ನ ಕೈಗುಣವಲ್ಲ, ನಾನು ಬರೆದ ಪ್ರೋಗ್ರಾಂ. ಅದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ದೇವನಹಳ್ಳಿಗೆ ವಿಮಾನ ಬಂದ ಹೊಸತು. ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿಗಳಿಗೂ ವೆಬ್‌ಸೈಟ್ ಬೇಕೆನ್ನಿಸಿದ ಕಾಲ. ನಮ್ಮ ಸಾಹುಕಾರರಿಗೆ ನಾನೇ ಮಾಡಿಕೊಟ್ಟೆ. ಕಂಪ್ಯೂಟರ್ ಮುಂದೆ ಕೂರಲು ನಮ್ಮ ಬೀದಿಯ ನೇಕಾರರ ಮನೆ ಹುಡುಗಿ ನೀನು ಬಂದೆ. ಮಗ್ಗಕ್ಕೆ ಮಾಡಿದ ಹಾಗೆ ಅದಕ್ಕೂ ನೀನು ಊದುಬತ್ತಿ ಬೆಳಗಿ ಶುರು ಮಾಡುತ್ತಿದ್ದೆ — ನಾನು ನಗುತ್ತಿದ್ದೆ. ಹೊಸ ಆರ್ಡರ್ ಬಂದಿದೆಯೇ ಎಂದು ಅದರಲ್ಲಿದ್ದ ನನ್ನ ಪ್ರೋಗ್ರಾಂ ಆಗಾಗ ವೆಬ್‌ಸೈಟನ್ನು ಕೇಳಬೇಕು. ಮಧ್ಯಾಹ್ನದ ಹೊತ್ತಿಗೆ ನಿಂತುಬಿಡುತ್ತಿತ್ತು. ಆರ್ಡರುಗಳು ತಪ್ಪಿಹೋಗತೊಡಗಿದವು.

ಸಾಹುಕಾರರು ಕೇಳಿದಾಗ ನಾನು ತೆರೆದೂ ನೋಡದೆ ಅಂದೆ — "ಪ್ರೋಗ್ರಾಂ ಸರಿಯಾಗೇ ಐತೆ ಸಾರ್. ಕೂತವ್ರು ಏನೋ ಒತ್ತಿರ್ಬೇಕು."

ಆ ವಾರವೇ ನಿನ್ನನ್ನು ಕೆಲಸದಿಂದ ಬಿಡಿಸಿದರು. ಆಮೇಲೆ — ಮನಸ್ಸು ತಡೆಯದೆ ಕೋಡ್ ತೆರೆದು ಕುಳಿತೆ. ಕೇಳಲೆಂದು ಪ್ರತಿ ಸಲ ವೆಬ್‌ಸೈಟಿಗೆ ತೆರೆದ ಸಂಪರ್ಕವನ್ನು, ಉತ್ತರ ಬಂದರೆ ಪ್ರೋಗ್ರಾಂ ಮುಚ್ಚುತ್ತಿತ್ತು. ನೆಟ್ ಕೈಕೊಟ್ಟು ಉತ್ತರ ಬಾರದಿದ್ದರೆ — ನಮ್ಮೂರಲ್ಲಿ ಅದೇನು ಅಪರೂಪವೇ! — ಮುಚ್ಚದೆ ಹಾಗೇ ಬಿಡುತ್ತಿತ್ತು, ಮಾತು ಮುಗಿದರೂ ಫೋನ್ ಇಡದ ಹಾಗೆ. ಅಂಥವು ಒಂದರ ಮೇಲೊಂದು ಸೇರಿ, ಹೊಸದನ್ನು ತೆರೆಯಲು ಜಾಗವೇ ಇಲ್ಲದಂತಾಗುತ್ತಿತ್ತು. ಏನೇ ಆದರೂ ಮುಚ್ಚು ಎಂದು ಒಂದು ಸಾಲು ಸೇರಿಸಿದೆ. ಯಾರಿಗೂ ಹೇಳಲಿಲ್ಲ.

ಮರುದಿನ ನಿನ್ನ ಜಾಗಕ್ಕೆ ಬೇರೆಯವಳು ಬಂದಳು. ಕಂಪ್ಯೂಟರ್ ನಿಲ್ಲಲೇ ಇಲ್ಲ.

"ನೋಡಿದ್ರಾ? ಎಲ್ಲಾ ಕೈಗುಣ ಕಣ್ರಪ್ಪಾ. ಆಯಮ್ಮ ಹೋದ್ಲು, ಸರಿಹೋಯ್ತು," ಎಂದರು ಸಾಹುಕಾರರು, ಎಲ್ಲರೆದುರು. ನಾನು ಅಲ್ಲೇ ಟೀ ಕುಡಿಯುತ್ತಿದ್ದೆ. ಬಾಯಿ ತೆರೆದಿದ್ದರೆ ನನ್ನ ಹೆಸರು ಕೆಡುತ್ತಿತ್ತು — ನಿನ್ನದು ಉಳಿಯುತ್ತಿತ್ತು.

ನೇಕಾರರ ಊರಿನಲ್ಲಿ ಅಂಥ ಮಾತು ಮನೆಮನೆಗೂ ಹೋಗುತ್ತದೆ. ಹೊಸ ವಿದ್ಯುತ್ ಮಗ್ಗಕ್ಕೆ ಮೊದಲ ಸ್ವಿಚ್ ಹಾಕಲು, ಒಳ್ಳೆ ಕೈಗುಣವೆಂದು ನಿನ್ನನ್ನೇ ಹುಡುಕಿಕೊಂಡು ಬರುತ್ತಿದ್ದವರು ಕರೆಯುವುದನ್ನೇ ಬಿಟ್ಟರು. ಬರಬರುತ್ತಾ ನೀನೂ ಅದನ್ನು ನಂಬಿದೆ.

ಮೊನ್ನೆ ನಿನ್ನ ಅಣ್ಣನ ಹೊಸ ಮಗ್ಗದ ಪೂಜೆ. ನೀನು ಬಾಗಿಲಾಚೆ ನಿಂತಿದ್ದೆ. ಇಷ್ಟು ವರ್ಷಗಳ ಮೇಲೆ ನಾನು ಅಲ್ಲೇ ಎಲ್ಲವನ್ನೂ ಹೇಳಿದೆ. ನೀನು ನಕ್ಕೆ.

"ಬಿಡಣ್ಣ, ನನ್ ಸಮಾಧಾನಕ್ಕೆ ಹೇಳ್ತಿದ್ದೀಯ."

ತೋರಿಸೋಣವೆಂದರೆ ಆ ಕಂಪ್ಯೂಟರ್ ಎಂದೋ ಗುಜರಿ ಸೇರಿದೆ. ಆಣೆ ಇಟ್ಟೆ. ನೀನು ನಂಬಲಿಲ್ಲ. ಅಷ್ಟರಲ್ಲಿ ನಿನ್ನ ಅಣ್ಣ ಒಳಗಿನಿಂದ ನನ್ನನ್ನು ಕೂಗಿದ — "ಬಾರಪ್ಪಾ, ನೀನೇ ಸ್ವಿಚ್ ಹಾಕು. ನಿನ್ ಕೈಗುಣ ಚೆನ್ನಾಗೈತೆ."

"ಹೋಗಣ್ಣ, ಒಳ್ಳೆ ಹೊತ್ತು ಮೀರ್ತದೆ," ಎಂದೆ ನೀನೇ.

ಒಳಗೆ ಊರವರೆಲ್ಲ ಇದ್ದರು. ಹೇಳಬಹುದಿತ್ತು — ಹೋದೆ, ಸುಜಾತಾ. ಸ್ವಿಚ್ ಹಾಕಿದೆ. ಅವರೆದುರು ಈ ಸಲವೂ ನನಗೆ ಬಾಯಿ ಬರಲಿಲ್ಲ.