ನಾದಿನಿಯ ಜೊತೆ ನೋಡಿದ ಕೊಲೆಯ ಸಿನಿಮಾ

ನನ್ನ ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಪಾಠ ಹೇಳುವ ಶಾಲೆ ಮತ್ತು ಮನೆ ಬಿಟ್ಟರೆ ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಾದಿನಿ ಹೊಸದುರ್ಗದಿಂದ ಶ್ರೀರಾಂಪುರಕ್ಕೆ ಬಂದು, ಸೀರೆ ಉಟ್ಟುಕೊಳ್ಳಿ, ಚಿತ್ರದುರ್ಗಕ್ಕೆ ಹೋಗಿ ಸಿನಿಮಾ ನೋಡಿ ಬರೋಣ ಎಂದಳು. ಬೇಡ ಎನ್ನಲೂ ಆಗದೆ ಹೊರಟೆ.

ಸಿನಿಮಾದ್ದು ಹಳೇ ಕಾಲದ ಕಥೆ. ಹಳ್ಳಿಯೊಂದರ ದೊಡ್ಡಮನೆಯಲ್ಲಿ ಯಜಮಾನ ಅಟ್ಟದ ಮೇಲೆ ಸತ್ತು ಬಿದ್ದಿರುತ್ತಾನೆ. ಕೊಂದವರು ಮನೆಯೊಳಗೇ ಇದ್ದಾರೆ. ಬ್ರಿಟಿಷರ ಕಾಲ ಎಂದು ಮೊದಲೇ ತೋರಿಸಿದ್ದರು, ಆದರೆ ಪಡಸಾಲೆಯ ಕಂಬದ ಹಿಂದೆ ಸ್ವಿಚ್ ಬೋರ್ಡ್ ಕಾಣುತ್ತಿತ್ತು. ಆಳುಗಳ ಪಂಚೆಯಲ್ಲೂ ಇಸ್ತ್ರಿಯ ಗೆರೆ. ಹೆಣ ಇನ್ನೂ ಮನೆಯಲ್ಲಿರುವಾಗಲೇ ಎಲ್ಲರೂ ಸಾಲಾಗಿ ನಿಂತು ಪತ್ತೇದಾರನಿಗೆ ಉತ್ತರ ಕೊಡುತ್ತಿದ್ದರು. ನೆರೆಯವರು ಬರಲಿಲ್ಲ, ನೆಂಟರಿಗೆ ಸುದ್ದಿ ಹೋಗಲಿಲ್ಲ, ಯಾರೂ ನೀರು ಕಾಯಿಸಲಿಲ್ಲ. ಮಕ್ಕಳ ಉತ್ತರಪತ್ರಿಕೆ ತಿದ್ದುವಂತೆ ನೋಡುತ್ತಾ ಕೂತೆ. ಕೊಂದವರು ಯಾರೆಂದು ತಿಳಿಯುವ ಆಸೆ ಹುಟ್ಟಲಿಲ್ಲ.

ಸತ್ತವನ ಹೆಂಡತಿ ಒಮ್ಮೆಯೂ ಅಳುವುದಿಲ್ಲ. ಅಷ್ಟಕ್ಕೇ ಪತ್ತೇದಾರ ಅವಳ ಮೇಲೆ ಅನುಮಾನಪಟ್ಟ. ಕೊನೆಗೆ ಕೊಂದವಳು ಅವಳೇ ಎಂದಾಯಿತು. ನಮಗೆ ಆಗಲೇ ಗೊತ್ತಿತ್ತು ಎಂದು ಹಿಂದಿನ ಸಾಲಿನವರು ಮಾತಾಡಿಕೊಂಡರು. ಸ್ವಿಚ್ ಬೋರ್ಡಿನದು ದೊಡ್ಡ ತಪ್ಪಲ್ಲ, ಅಳದಿರುವುದನ್ನು ಸಾಕ್ಷಿ ಮಾಡಿದ್ದು ತಪ್ಪು ಅನ್ನಿಸಿತು. ಕೋಪ ಮಾತ್ರ ಬರಲಿಲ್ಲ. ನಾದಿನಿ ನನ್ನ ಮುಖ ನೋಡದೆ ಎದ್ದು ನಿಂತಳು.

ವಾಪಸ್ ಬರುವಾಗ ಬಸ್ಸು ಹೊಳಲ್ಕೆರೆ ದಾಟಿದ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ಅತ್ಗೆ, ಅವತ್ತು ನೀವ್ಯಾಕೆ ಅಳ್ಲಿಲ್ಲ? ಊರಾಗೆ ಎಲ್ಲಾರೂ ಅದನ್ನೇ ಅಂತಿದ್ರು. ನಾನೂ ಅಂದೆ."

"ಗೊತ್ತಿಲ್ಲಮ್ಮ. ನಿಮ್ಮಣ್ಣ ಎದೆ ಹಿಡ್ಕಂಡು ಬಿದ್ದಾಗ ಒಲೆ ಮ್ಯಾಲೆ ಹಾಲಿತ್ತು. ಉಕ್ಕುತ್ತೆ ಅಂತ ಮೊದ್ಲು ಹೋಗಿ ಒಲೆ ಆರಿಸ್ದೆ. ಆವಾಗಿಂದ ಹಿಂಗೇ ಐತೆ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಣ್ಣನಿಗಾಗಿಯೋ, ತಾನಾಡಿದ ಮಾತಿಗಾಗಿಯೋ, ನಾನು ಕೇಳಲಿಲ್ಲ. ಅವಳ ಇನ್ನೊಂದು ಕೈ ನನ್ನ ಮೊಣಕಾಲ ಮೇಲಿತ್ತು. ಬಿಸಿಯಾಗಿತ್ತು, ಅಷ್ಟು ತಿಳಿಯುತ್ತಿತ್ತು.

ಹೊಸದುರ್ಗ ಬಂದಾಗ ಇಳಿದು ತನ್ನ ಮನೆಗೆ ಹೋಗಬೇಕಿದ್ದವಳು ಇಳಿಯಲಿಲ್ಲ. ಕಂಡಕ್ಟರನ್ನು ಕರೆದು ಶ್ರೀರಾಂಪುರದವರೆಗೆ ಟಿಕೆಟ್ ತೆಗೆದುಕೊಂಡಳು. ಗಂಡನಿಗೆ ಫೋನ್ ಮಾಡಿ ಒಂದು ವಾರ ಬರುವುದಿಲ್ಲ ಎಂದು ಹೇಳಿದಳು. ಆ ವಾರ ನನ್ನ ವಿಷಯ ಕೇಳಲು ಬಂದವರಿಗೆಲ್ಲ ಬಾಗಿಲಲ್ಲೇ ನಿಂತು ಅವಳೇ ಏನೋ ಉತ್ತರ ಕೊಡುತ್ತಿದ್ದಳು. ನಾನು ಒಳಗೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ.