ಅತ್ತೆಗೆ ಓದಿ ಹೇಳಿದ ಹಕ್ಕಿಯ ಕಥೆ

ಮದುವೆಯಾಗಿ ಆಳಂದದಿಂದ ಜೇವರ್ಗಿಗೆ ಬಂದಾಗ ನನ್ನ ಬಟ್ಟೆಗಿಂತ ಪುಸ್ತಕಗಳೇ ಭಾರವಾಗಿದ್ದವು. ಅವುಗಳಲ್ಲಿ ಆರು ಒಂದೇ ಕಥೆಯ ಇಂಗ್ಲಿಷ್ ಸಂಪುಟಗಳು. ನೆಲದಡಿಯ ನದಿಗಳ ದನಿ ಕೇಳಿಸಿಕೊಳ್ಳಬಲ್ಲ ಕುಂಬಾರರ ಹುಡುಗಿ, ಅವಳನ್ನು ಬೆನ್ನ ಮೇಲೆ ಹೊತ್ತು ಹಾರುವ ಮುದಿ ಹಕ್ಕಿ. ಕಾಲೇಜಿನ ದಿನಗಳಲ್ಲಿ ಅಪ್ಪನನ್ನು ಕಳೆದುಕೊಂಡಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ನಾಲ್ಕನೆಯ ಪುಸ್ತಕ. ಅದನ್ನು ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಟಿವಿ ನೋಡುವಂತಿಲ್ಲ, ಒಲೆಯ ಮುಂದೆ ಕೂರುವಂತಿಲ್ಲ. ಕರಿ ಕನ್ನಡಕ ಹಾಕಿಕೊಂಡು ಬೇಸತ್ತು ಕೂತಿದ್ದವರು ಒಂದು ಮಧ್ಯಾಹ್ನ ಕೇಳಿದರು:

"ಏನ್ ಓದಾಕತ್ತಿಬೇ? ನನಗೂ ಒಂದಿಷ್ಟ್ ಹೇಳ."

ಓದುತ್ತ ಓದುತ್ತ ಕನ್ನಡದಲ್ಲಿ ಹೇಳತೊಡಗಿದೆ. ಮೊದಮೊದಲು ತಡವರಿಸಿದೆ. ಆಮೇಲೆ ಆ ಹುಡುಗಿ ನಮ್ಮ ಓಣಿಯವಳ ಹಾಗೆಯೇ ಮಾತಾಡತೊಡಗಿದಳು. ಊಟ ಮುಗಿಯುತ್ತಿದ್ದಂತೆ ಅತ್ತೆ ಕರೆಯುವುದು ರೂಢಿಯಾಯಿತು: "ಮುಂದೇನಾತು?"

ನಾಲ್ಕನೆಯ ಪುಸ್ತಕಕ್ಕೆ ಬಂದೆವು. ಹೊತ್ತಿ ಉರಿಯುವ ಕಣಿವೆಯಿಂದ ಮಕ್ಕಳನ್ನೆಲ್ಲ ದಾಟಿಸಿದ ಹಕ್ಕಿ ಹುಡುಗಿಯ ಮಡಿಲಲ್ಲಿ ತಲೆಯಿಟ್ಟು ಸಾಯುತ್ತದೆ. ನನ್ನ ದನಿ ಒಡೆಯಿತು. ತಲೆಯೆತ್ತಿದರೆ ಕರಿ ಕನ್ನಡಕದ ಕೆಳಗಿಂದ ನೀರು ಇಳಿಯುತ್ತಿದೆ.

"ಅತ್ತಿ, ಅಳಬ್ಯಾಡ್ರಿ! ಡಾಕ್ಟರ್ ಏನಂದಾರ?" ಎನ್ನುತ್ತ ಗಾಬರಿಯಿಂದ ಹತ್ತಿ ತಂದು ಕೆನ್ನೆ ಒರೆಸಿದೆ.

"ಡಾಕ್ಟರ್‌ಗೇನ್ ಗೊತ್ತು ಆ ಹಕ್ಕಿ ಸಾಯ್ತದಂತ?" ಎಂದರು. ನನ್ನ ಕೈ ಹಿಡಿದರು. "ನೀ ಯಾಕ್ ಅಳಾಕತ್ತಿ? ನಿಮ್ಮಪ್ಪ ನೆನಪಾದ್ರೇನ್?"

ಹೌದೆಂದೆ. ಅವತ್ತು ಮುಂದೆ ಓದಲಿಲ್ಲ. ಅಪ್ಪನ ಬಗ್ಗೆ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಆ ಮನೆಯಲ್ಲಿ ಅಪ್ಪನ ವಿಷಯ ಅಷ್ಟು ಬಿಚ್ಚಿ ಮಾತಾಡಿದ್ದು ಅದೇ ಮೊದಲು.

ಮರುವಾರ ತಪಾಸಣೆಯಲ್ಲಿ ಡಾಕ್ಟರ್ ಕಣ್ಣು ಚೆನ್ನಾಗಿದೆ ಎಂದರು. ನನ್ನ ಜೀವಕ್ಕೆ ಸಮಾಧಾನವಾಯಿತು. ಟಿವಿ ನೋಡಲು ಪರವಾನಗಿಯೂ ಸಿಕ್ಕಿತು. ಅತ್ತೆ ಮಾತ್ರ ಅದನ್ನು ಹಚ್ಚಲಿಲ್ಲ.

ನಾವೆಲ್ಲ ಖಾಲಾ ಎಂದು ಕರೆಯುವ ಪಕ್ಕದ ಮನೆಯಾಕೆ ಅತ್ತೆಯನ್ನು ನೋಡಲು ಬಂದಾಗ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಅತ್ತೆ ಹಕ್ಕಿಯ ಕಥೆ ಶುರುಮಾಡಿದ್ದರು. ಅವರ ಬಾಯಲ್ಲಿ ಆ ಕಣಿವೆ ನಮ್ಮ ಭೀಮಾ ಹೊಳೆಯಷ್ಟು ಅಗಲವಾಗಿತ್ತು. ಕೇಳಲೆಂದು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ.

"ಇದೆಲ್ಲಾ ನಿಮಗ್ಯಾರು ಹೇಳ್ಯಾರ್ರಿ?" ಖಾಲಾ ಮೂಗೊರೆಸಿಕೊಳ್ಳುತ್ತ ಕೇಳಿದರು.

"ನಮ್ಮ ಸೊಸಿ. ಇಂಗ್ಲಿಷ್‌ನ್ಯಾಗ ಓದ್ತಾಳ, ನಮ್ಮ ಮಾತಿನ್ಯಾಗ ಹೇಳ್ತಾಳ. ಇಂಥಾಕಿ ಈ ಓಣ್ಯಾಗ ಮತ್ಯಾರದಾರ, ತೋರಸ್ರಿ?"

ಡಿಗ್ರಿ ಕೈಗೆ ಬಂದಾಗಲೂ ನನಗೆ ಅಂಥ ಹೆಮ್ಮೆ ಆಗಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಹೋಗಲಿ ಬಿಡು ಎಂದುಕೊಂಡೆ. ಆ ಮಧ್ಯಾಹ್ನ ಐದನೆಯ ಪುಸ್ತಕ ತೆಗೆದಾಗ ಖಾಲಾ ಕೂಡ ಚಾಪೆಯ ಮೇಲೆ ಬಂದು ಕೂತರು.